ಆರು ಗಂಟೆಯ ಕರೆ

ಮೇಷ್ಟ್ರ ಮನೆಯ ಮೇಜನ್ನು ಹೊಲಿಗೆಯಾಕೆ ಓರೆಯಾಗಿ ತಿರುಗಿಸಿ ಬಾಗಿಲಾಚೆ ಎಳೆದಳು. ಅದರ ಮೇಲಿದ್ದ ಹಳೆಯ ವಾಲ್ವ್ ರೇಡಿಯೊಗಳನ್ನು ಆಗಲೇ ಇಳಿಸಿದ್ದರು. ಮೇಜಿದ್ದ ಜಾಗದಲ್ಲಿ ಮೇಷ್ಟ್ರ ದೇಹವನ್ನು ಮಲಗಿಸಬೇಕಿತ್ತು. ಐವತ್ತರ ವಯಸ್ಸಿನಲ್ಲಿ ಅವಳಿಗೆ ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು ಹಿಡಿಸಿ, ಅದರ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಸಿದವರು ಅವರೇ. ಐದು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ತನ್ನ ಮೇಲಿನ ಸಿಟ್ಟು ಹೊತ್ತುಕೊಂಡೇ ಹೋದರೇನೋ ಎಂಬ ಅಳುಕು ಅವಳನ್ನು ತಿನ್ನುತ್ತಿತ್ತು.

*

ಐದು ತಿಂಗಳ ಹಿಂದೆ ಗುಜರಿ ಅಂಗಡಿಯಲ್ಲಿ ಎರಡು ಸೆಟ್ಟುಗಳಿದ್ದವು. ಒಂದು ಬೂದು ಬಣ್ಣದ ಡಬ್ಬ. ಗೊತ್ತು ಮಾಡಿದ ಒಂದೇ ಜಾಗದಲ್ಲಿ, ಒಂದೇ ಫ್ರೀಕ್ವೆನ್ಸಿಯಲ್ಲಿ, ಮಾತಾಡುವಂಥದ್ದು. ಇನ್ನೊಂದು ಹಳೆಯ ವಾಲ್ವ್ ಸೆಟ್ಟು; ಅದಕ್ಕೆ ಹಳದಿ ಬೆಳಕಿನ ಡಯಲು, ಎಲ್ಲಿಗೆ ಬೇಕಾದರೂ ತಿರುಗುವ ಗುಂಡಿ.

"ಹೊಸಬರಿಗೆ ಇದೇ ಸಾಕಮ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದು ಮೇಷ್ಟ್ರು ಬೂದು ಡಬ್ಬ ತಟ್ಟಿದರು.

ಅವಳು ಕೇಳಲಿಲ್ಲ, ಹಳದಿ ಬೆಳಕಿಗೆ ಮರುಳಾಗಿ ಅದನ್ನೇ ಕೊಂಡಳು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಡಯಲಿನ ಮೇಲೆ ಒಂದು ಜಾಗ ತೋರಿಸಿದರು.

"ದಿನಾ ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬಂದು ಕರಿ. ನಿನ್ನ ಮೊದಲನೇ ಕರೆಗೆ ನಾನೇ ಉತ್ತರ ಕೊಡ್ತೀನಿ."

ಮರುದಿನ ಕರೆದಳು. ಅದರ ಮರುದಿನವೂ. ಉತ್ತರ ಬರಲಿಲ್ಲ. ತಮ್ಮ ಮಾತು ಮೀರಿದವಳಿಗೆ ಹೀಗೆ ಬುದ್ಧಿ ಕಲಿಸುತ್ತಿದ್ದಾರೆ ಎಂದುಕೊಂಡಳು. ಅವಳದೂ ಸಣ್ಣ ಹಟವಲ್ಲ. ಅವರ ಬೀದಿಯನ್ನೇ ತುಳಿಯಲಿಲ್ಲ, ಕರೆಯುವುದನ್ನು ಮಾತ್ರ ಬಿಡಲಿಲ್ಲ.

*

ದೇಹವನ್ನು ಮಲಗಿಸಿದ ಮೇಲೆ ಮೇಷ್ಟ್ರ ಹೆಂಡತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ದನಿಯಲ್ಲಿ ದೂರಿರಲಿಲ್ಲ, ಬರೀ ದಣಿವು.

"ಒಂದು ದಿನವಾದ್ರೂ ಕರೀಬಾರದಿತ್ತಾ? ದಿನಾ ಆರಕ್ಕೆ ರೇಡಿಯೊ ಮುಂದೆ ಕೂತಿರ್ತಿದ್ರು. ನಿನ್ನೆ ಕೂತಲ್ಲೇ ಹೋದ್ರು."

"ದಿನಾ ಕರೆದಿದ್ದೀನಿ ಅಮ್ಮ. ಆರು ಹೊಡೀತಿದ್ದ ಹಾಗೇ ಸ್ವಿಚ್ ಹಾಕಿ ಕರೀತಿದ್ದೆ."

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಗೆಳೆಯ, ಮುದುಕ ಲೈನ್‌ಮನ್, ತಲೆಯೆತ್ತಿದ. ಅವನೂ ಇದೇ ಹುಚ್ಚಿನವನು. ಅವಳ ಹತ್ತಿರ ಇರುವಂಥ ವಾಲ್ವ್ ಸೆಟ್ಟು ಅರ್ಧ ಗಂಟೆಯಾದರೂ ಬಿಸಿಯಾಗಬೇಕು, ತಣ್ಣಗಿದ್ದಾಗ ಡಯಲಿನ ಮುಳ್ಳು ತೋರಿಸುವುದು ಒಂದು ಕಡೆ, ಮಾತು ಹೋಗುವುದು ಇನ್ನೊಂದು ಕಡೆ ಎಂದು ತಡೆತಡೆದು ಹೇಳಿದ.

"ಅವರು ಇದನ್ನ ಹೇಳಲೇ ಇಲ್ಲ," ಎಂದಳು ಅವಳು.

"ಮೊದಲು ಬಿಸಿ ಮಾಡೋದು ನಲವತ್ತು ವರ್ಷದ ಅಭ್ಯಾಸ. ಹೇಳಬೇಕು ಅಂತಾನೇ ಅವನಿಗೆ ಹೊಳೆದಿರಲ್ಲ. ಸ್ವಲ್ಪ ಅತ್ತಿತ್ತ ತಿರುಗಿಸಿ ಹುಡುಕೋ ಅಂದೆ. ಬಂದರೆ ಹೇಳಿದ ಜಾಗಕ್ಕೇ ಬರ್ತಾಳೆ ಅಂತ ಗುಂಡಿ ಮುಟ್ಟೋಕೂ ಬಿಡಲಿಲ್ಲ."

ಹೊರಗೆ ಶವ ಸಾಗಿಸುವ ವಾಹನ ಬಂದು ನಿಂತಿತು. ಮೇಷ್ಟ್ರ ಹೆಂಡತಿ ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ ಗಂಡನ ತಲೆ ಬಾಚಿದರು, ಮತ್ತೊಮ್ಮೆ ಅದ್ದಿ ಬಾಚಿದರು. ನೆತ್ತಿಯ ಬಿಳಿಗೂದಲಿನಲ್ಲಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಹೆಡ್‌ಫೋನಿನ ಪಟ್ಟಿ ಒತ್ತಿದ ಗೆರೆ ಹಾಗೇ ಉಳಿಯಿತು.