ತಂತಿಯೋ ಪ್ಲೇಟೋ

ಅತ್ತೆ ಬಚ್ಚಲ ಬಾಗಿಲನ್ನು ಧಡಾರನೆ ಹಾಕಿದಾಗ ಸೊಸೆಯ ಬಲಗೈ ಚೌಕಟ್ಟಿನ ಮೇಲಿತ್ತು. ಮಾಡಿದ್ದು ಮುದುಕಿಗೆ ಆ ಕ್ಷಣಕ್ಕೇ ಮರೆತುಹೋಗಿತ್ತು. ಯಾರು ಹೊಡೆದರು ಎಂದು ಕೇಳುತ್ತಾ ತಾನೇ ಸೊಸೆಯ ಬೆನ್ನು ಸವರಿದಳು. ಸೊಸೆ ಎಡಗೈಯಲ್ಲಿ ಗಂಡನಿಗೆ ಫೋನು ಮಾಡಿದಳು. ಅವನು ಪ್ರೆಸ್ಸಿನಿಂದ ಬಂದು ಹೊರಗಿನ ಬೀಗ ತೆಗೆಯುವ ಹೊತ್ತಿಗೆ ಕೈ ಬನ್ನಿನಂತೆ ಊದಿತ್ತು.

ಆ ಬೀಗಕ್ಕೆ ನಾಲ್ಕು ವರ್ಷ. ಮರೆವು ಹತ್ತಿದ ಮೇಲೆ ಅತ್ತೆ ಎರಡು ಸಲ ಮನೆಯಿಂದ ಹೊರಟುಹೋಗಿದ್ದಳು. ಎರಡನೇ ಸಲ ಸಿಕ್ಕಿದ್ದು ರೈಲು ಹಳಿಯ ಪಕ್ಕದಲ್ಲಿ. ಬೀಗದ ಕೈ ಒಳಗಿಟ್ಟರೆ ಅಮ್ಮ ಹೇಗಾದರೂ ಹುಡುಕಿ ತೆಗೆಯುತ್ತಾಳೆ ಎಂದು ಗಂಡ ಅತ್ತೆ-ಸೊಸೆ ಇಬ್ಬರನ್ನೂ ಒಳಗೆ ಬಿಟ್ಟು ಬೀಗ ಹಾಕಿ, ಅದರ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಅದೇ ಸೊಸೆಯ ಕಷ್ಟ. ಜಗಳ ಆಡೋಣವೆಂದರೆ ಎದುರಿಗೆ ತಪ್ಪಿತಸ್ಥರೇ ಇಲ್ಲ.

ಕಿರುಬೆರಳು, ಉಂಗುರಬೆರಳುಗಳ ಬುಡದಲ್ಲಿ, ಅಂಗೈಯೊಳಗೆ ಎರಡು ಮೂಳೆ ಮುರಿದಿದ್ದವು. ಡಾಕ್ಟರು ಎಕ್ಸ್‌ರೇ ಹಿಡಿದು ನಿಧಾನವಾಗಿ ವಿವರಿಸಿದರು. ಒಂದು, ಕೈ ಕೊಯ್ದು ಚಿಕ್ಕ ಪ್ಲೇಟು ಕೂರಿಸಿ ಸ್ಕ್ರೂ ಹಾಕುವುದು. ಗಟ್ಟಿಯಾಗಿರುತ್ತದೆ, ಬೆರಳನ್ನು ಬೇಗ ಆಡಿಸಬಹುದು, ಹೊಲಿಗೆ ಬಿಚ್ಚಿದ ಮೇಲೆ ಆಸ್ಪತ್ರೆಗೆ ಓಡಾಟ ಕಡಿಮೆ. ಇನ್ನೊಂದು, ಕೊಯ್ಯದೆ ಚರ್ಮದ ಮೇಲಿನಿಂದಲೇ ತಂತಿ ಚುಚ್ಚಿ ಮೂಳೆ ಹಿಡಿಸುವುದು; ತಂತಿಯ ತುದಿ ಐದು ವಾರ ಹೊರಗೇ ಇರುತ್ತದೆ, ಕೀವು ಆಗದಂತೆ ವಾರಕ್ಕೊಮ್ಮೆ ಬಂದು ಡ್ರೆಸ್ಸಿಂಗ್ ಮಾಡಿಸಬೇಕು, ಬೆರಳು ಬಿಗಿಯಾಗಲೂಬಹುದು. ಈ ಮುರಿತಕ್ಕೆ ಎರಡೂ ಆಗುತ್ತದೆ, ವರ್ಷ ಕಳೆದರೆ ಬಹಳ ವ್ಯತ್ಯಾಸ ಇರುವುದಿಲ್ಲ ಎಂದರು.

ಗಂಡ ಪ್ಲೇಟೇ ಆಗಲಿ ಎಂದ. ಒಂದೇ ಸಲಕ್ಕೆ ಮುಗಿದುಹೋಗುತ್ತದಲ್ಲ. ಡಾಕ್ಟರು ಅವಳ ಕಡೆ ತಿರುಗಿದರು.

"ವಾರವಾರ ನಾನೇ ಬರ್ಬೇಕಾ?" ಎಂದು ಕೇಳಿದಳು.

"ನೀವೇ ಬರ್ಬೇಕು. ಮನೇಲಿ ಮಾಡ್ಕೊಳ್ಳೋದಲ್ಲ ಅದು."

"ಹಾಗಾದ್ರೆ ತಂತಿ ಹಾಕಿ."

ದಾರಿಯುದ್ದಕ್ಕೂ ಗಂಡ ಇವಳಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದ. ಕೊಯ್ಯುವುದೆಂದರೆ ಹೆದರಿಕೆ ಎಂದಳು ಅವಳು.

ಮಂಗಳವಾರಗಳಂದು ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬರುತ್ತಿದ್ದಳು. ಸೊಸೆ ಒಬ್ಬಳೇ ಬಸ್ಸು ಹತ್ತುತ್ತಿದ್ದಳು, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಆಸ್ಪತ್ರೆ ಮುಟ್ಟುತ್ತಿದ್ದಳು. ತನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಡುತ್ತಿದ್ದಳು. ನರ್ಸು ತಂತಿಯ ಸುತ್ತ ಒರೆಸುವಾಗ ಜೀವ ಹೋದಂತಾಗುತ್ತಿತ್ತು. ಆದರೂ ಕಿಟಕಿಯಾಚೆ ಜನ ಎತ್ತಲೋ ಹೋಗುತ್ತಿರುವುದನ್ನು ನೋಡುತ್ತಾ ಕೂತರೆ ಅವಳಿಗೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಮೊದಲ ಮಂಗಳವಾರ ಅಣ್ಣ ಎಂದಿನಂತೆ ಬೀಗ ಹಾಕಿ ಹೋದದ್ದರಿಂದ ಮೂರು ಗಂಟೆ ಕಾಲ ಒಳಗೇ ಕೂತಿದ್ದ ನಾದಿನಿ ಸಂಜೆ ಅವನಿಗೆ ಖಡಾಖಂಡಿತವಾಗಿ ಹೇಳಿದಳು: "ನನ್ನ ಹೀಗೆ ಕೂಡಿಹಾಕಿ ಹೋದ್ರೆ ನಾನು ಬರೋಳಲ್ಲ, ಅಣ್ಣ. ಉಸಿರು ಕಟ್ಟುತ್ತೆ." ಮರುದಿನವೇ ಅವನು ತಂಗಿಗೆ ಇನ್ನೊಂದು ಬೀಗದ ಕೈ ಮಾಡಿಸಿಕೊಟ್ಟ. ಸೊಸೆ ಸೊಪ್ಪು ಬಿಡಿಸುತ್ತಿದ್ದಳು. ಒಂದು ದಿನ. ನಾದಿನಿಗೆ ಬರೀ ಒಂದು ದಿನ ಸಾಕಾಯಿತು. 

ಐದನೇ ವಾರ ಡಾಕ್ಟರು ಇಕ್ಕಳದಿಂದ ತಂತಿ ಎಳೆದು ತೆಗೆದರು. ಮೂಳೆ ಚೆನ್ನಾಗಿ ಕೂಡಿತ್ತು, ಕೊನೆಯ ಎರಡು ಬೆರಳು ಮಾತ್ರ ಮಡಚುತ್ತಿರಲಿಲ್ಲ. ಮನೆಗೆ ಬಂದಾಗ ನಾದಿನಿ, "ಇನ್ನು ನನಗ್ಯಾಕೆ ಇದು ಅತ್ತಿಗೆ, ಇಟ್ಕೊಳ್ಳಿ" ಎಂದು ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ ಹೊರಟಳು.

ಸಂಜೆ ಗಂಡ ಕೈ ಚಾಚಿದ.

"ನನ್ನ ಹತ್ರಾನೇ ಇರ್ಲಿ ರೀ."

"ಅಮ್ಮ ಕಿತ್ಕೊಂಡು ಹೊರಟುಬಿಟ್ರೆ? ಹಳಿ ಹತ್ರ ಸಿಕ್ಕಿದ್ದು ಮರೆತೆಯಾ?"

ಅವಳು ಬೀಗದ ಕೈ ಇದ್ದ ಬಲಗೈಯ ಮುಷ್ಟಿಯನ್ನು ಬಿಗಿಹಿಡಿಯಲು ನೋಡಿದಳು. ಆಗಲಿಲ್ಲ. ಅವನು ಜಬರದಸ್ತಿಯನ್ನೇನೂ ಮಾಡಲಿಲ್ಲ. ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಂತೆ ಮೆಲ್ಲಗೆ ತೆಗೆದುಕೊಂಡ.

ಒಳಗೆ ಅತ್ತೆ ಊಟ ಕೇಳಿ ಕೂಗುತ್ತಿದ್ದಳು. ಸೊಸೆ ತಟ್ಟೆ ಇಡುತ್ತಾ, ವಾರಕ್ಕೆ ಎರಡು ಸಲ ಬೆರಳಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಬರಲು ಡಾಕ್ಟರು ಬರೆದಿದ್ದಾರೆ, ನಾದಿನಿಗೆ ಹೇಳಬೇಕು ಎಂದಳು.

"ಇನ್ನೆಷ್ಟು ದಿನ?" ಎಂದ ಗಂಡ.

"ಬೆರಳು ಮಡಚೋವರೆಗೂ."