ಆರನೆಯ ಬೆಟ್ಟ

ಟಿವಿಯಲ್ಲಿ ಆ ಆಡಿನ ಮರಿ ಮತ್ತೆ ಕಾಣಿಸಿಕೊಂಡ ದಿನ, ಕೀಲಿ ಮಾಡುವವನ ಹೆಂಡತಿ ಕೂತಲ್ಲೇ ಚಪ್ಪಾಳೆ ತಟ್ಟಲು ಹೋಗಿ ನೋವಿಗೆ ಮುಖ ಹಿಂಡಿಕೊಂಡಳು.

“ರೀ, ಬೇಗ ಬನ್ನಿ! ಆಟದ ಆರನೇ ಬೆಟ್ಟ ಬರ್ತಿದೆಯಂತೆ!”

ಅವನು ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಓಡಿಬಂದ. ಪರದೆಯ ಮೇಲೆ ಮಂಜು ಮುಸುಕಿದ ಬೆಟ್ಟ. ಬುಡದಲ್ಲಿ ಕಿವಿ ನಿಮಿರಿಸಿ ನಿಂತ ಬಿಳಿ ಮರಿ. ಅದು ಒಮ್ಮೆ ಹಿಂದಿರುಗಿ ನೋಡಿತು, ಜಿಗಿಯಿತು, ಪರದೆ ಕಪ್ಪಾಯಿತು. ‘ಈ ವರ್ಷದ ಕೊನೆಗೆ’ ಎಂಬ ಅಕ್ಷರಗಳು ಮೂಡಿದವು.

“ಇಷ್ಟೇನಾ?”

“ಇಷ್ಟೇ ಸಾಕು. ಆರು ವರ್ಷದಿಂದ ಕಾದಿದೀನಿ, ಇನ್ನು ಎಂಟು ತಿಂಗಳು ಯಾವ ಲೆಕ್ಕ?”

ಅವಳು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವಳು. ಅವಳ ಬೆರಳು ಓಡುವ ವೇಗಕ್ಕೆ ವಕೀಲರೇ ಮಾತು ತಡವರಿಸುತ್ತಿದ್ದರಂತೆ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬಳು, “ಸಾಮಾನು ಜಾಸ್ತಿಯಾಯ್ತು ಕಣೇ, ನೀನೇ ಇಟ್ಕೋ” ಎಂದು ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಅವಳ ಮೇಜಿನ ಮೇಲೆ ಇಟ್ಟು ಹೋದಳು. ಅದರ ಜೊತೆಗಿದ್ದದ್ದು ಮೊದಲನೆಯ ಬೆಟ್ಟ. ಮರಿ ಬಂಡೆಯಿಂದ ಬಂಡೆಗೆ ಹಾರುತ್ತ ತುದಿಯಲ್ಲಿರುವ ತಾಯಿಯನ್ನು ಮುಟ್ಟಬೇಕು. ಕಾಲು ತಪ್ಪಿದರೆ ಮತ್ತೆ ಬುಡದಿಂದ. ಕತೆ ಎಂದರೆ ಇಷ್ಟೇ. ಅಷ್ಟಕ್ಕೇ ಅವಳು ಮನಸೋತಳು. ಎರಡನೆಯದು, ಮೂರನೆಯದು ಬಂದ ಹಾಗೆ ಕೊಂಡು, ಐದು ಬೆಟ್ಟಗಳನ್ನೂ ಹತ್ತಿ ಮುಗಿಸಿದ್ದಳು.

ಅವನಿಗೆ ಆಡಲು ಬಾರದು. ಪಕ್ಕದಲ್ಲಿ ಕೂತು ನೋಡುವುದು ಅವನ ಪಾಲು. ಅದರಲ್ಲೂ ದೊಡ್ಡ ಕಮರಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಕಣ್ಣು ಬಿಡ್ರೀ, ದಾಟಿತು.”

“ನಿಜವಾಗ್ಲೂ?”

“ಬಿದ್ರೂ ಸಾಯಲ್ಲ ಅದು, ನಿಮ್ಮ ಎದೆಯೊಡೆಯುತ್ತೆ ಅಷ್ಟೇ.”

ಎರಡು ವರ್ಷದಿಂದ ಅವಳ ಬೆರಳಿನ ಗೆಣ್ಣುಗಳು ಊದುತ್ತ ಬಂದಿದ್ದವು. ಬೆಳಿಗ್ಗೆ ಎದ್ದಾಗ ಮುಷ್ಟಿ ಮಡಚಲು ಅರ್ಧ ಗಂಟೆ ಬೇಕು. ಸಂಧಿವಾತ ಎಂದರು ಡಾಕ್ಟರು. ಮಾತ್ರೆ ಅದರ ಓಟವನ್ನು ತಗ್ಗಿಸುತ್ತದೆ, ಬಂದ ದಾರಿಗೆ ಅಟ್ಟುವುದಿಲ್ಲ. ಇನ್ನೆಷ್ಟು ದಿನ ಬೆರಳು ಮಾತು ಕೇಳುತ್ತವೆ ಎಂದು ಅವನು ಕೇಳಿದ್ದಕ್ಕೆ, “ಅದನ್ನ ಯಾರೂ ಹೇಳಕ್ಕಾಗಲ್ಲ” ಎಂದು ಮೃದುವಾಗಿಯೇ ಹೇಳಿದ್ದರು.

ಆರನೆಯ ಬೆಟ್ಟದ ಸುದ್ದಿ ಬಂದ ಮರುದಿನ ಅಂಗಡಿಗೆ ಒಬ್ಬ ಗಿರಾಕಿ ಬಂದ. ಅವನ ಕೀಲಿಯ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ನಕಲು ಮಾಡಿಕೊಡಬೇಕಂತೆ.

“ಇದ್ರಿಂದ ನಕಲು ತೆಗೆದ್ರೆ ಸವೆದದ್ದರ ನಕಲೇ ಸಿಗೋದು,” ಎಂದ ಕೀಲಿಯವನು. “ಮೂಲ ಕೀಲಿ ಎಲ್ಲಿ?”

“ಇದೇ ಮೂಲ. ದಿನಾ ಇದನ್ನೇ ಬಳಸ್ತಿದ್ದೆ.”

“ಅದೇ ತಪ್ಪು. ಮೂಲಾನ ಎತ್ತಿಡ್ಬೇಕು ಸ್ವಾಮಿ.”

ಇದು ಅವನು ನಲವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದ ಮಾತು. ಅಂದು ಮಾತ್ರ ಅದು ಅವನಿಗೇ ನಾಟಿತು. ಹೆಂಡತಿಯ ಬೆರಳುಗಳಿಗೆ ನಕಲಿಲ್ಲ. ಎಷ್ಟು ತಿರುಗಿದರೆ ಅಷ್ಟು ಸವೆತ.

ಮನೆಗೆ ಬಂದವನೇ ಆಟದ ಹಿಡಿಕೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ.

“ಆರನೇದು ಬರೋ ತನಕ ಈ ರಿಮೋಟು ಮುಟ್ಟಬೇಡ.”

“ಅದು ಕಂಟ್ರೋಲರ್.”

“ಏನೋ ಒಂದು. ಇರೋ ಶಕ್ತೀನ ಉಳಿಸಿಡೋಣ. ಪೂರ್ತಿ ಆ ಬೆಟ್ಟಕ್ಕೇ ಇರ್ಲಿ.”

ಅವಳು ಅವನ ಮುಖವನ್ನೊಮ್ಮೆ ನೋಡಿದಳು. “ಹೂಂ, ಹಾಗೇ ಆಗ್ಲಿ” ಎಂದಳು. ಅವನು ಅದನ್ನು ಬೀರುವಿನ ಮೇಲಿನ ಗೂಡಿನಲ್ಲಿಟ್ಟ.

ಆಮೇಲೆ ಅವನು ಅವಳಿಗೆ ಒಂದು ಕಡ್ಡಿಯನ್ನೂ ಎತ್ತಿಡಲು ಬಿಡಲಿಲ್ಲ. ತರಕಾರಿ ಹೆಚ್ಚುವುದು, ಬಟ್ಟೆ ಹಿಂಡುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಕೂದಲು ಬಾಚುವುದು ಎಲ್ಲ ಅವನದೇ. ಬಾಚಲು ಬಾರದೆ ಬೈತಲೆ ಕಿವಿಯ ಕಡೆ ವಾಲುತ್ತಿತ್ತು.

“ಇದೇನ್ರೀ, ಅಡ್ಡರಸ್ತೆ ತೆಗೆದಿದೀರಾ?”

“ಇವತ್ತು ಇಷ್ಟೇ. ನಾಳೆ ನೇರ ಮಾಡ್ತೀನಿ.”

ಕನ್ನಡಿ ಹಿಡಿಯುವುದೂ ಅವನೇ. ಅವನಿಗೆ ಒಳಗೊಳಗೇ ಸಮಾಧಾನ. ಅವಳ ಕೈಯೊಳಗೆ ಏನೋ ಶೇಖರವಾಗುತ್ತಿದೆ ಎಂದು ನಂಬಿದ್ದ.

ವರ್ಷದ ಕೊನೆಗೆ ಒಂದು ಪ್ರಕಟಣೆ ಬಂತು: ‘ಇನ್ನಷ್ಟು ಚೆನ್ನಾಗಿ ಮಾಡುವ ಸಲುವಾಗಿ ಬಿಡುಗಡೆಯನ್ನು ನಾಲ್ಕು ತಿಂಗಳು ಮುಂದೂಡಿದ್ದೇವೆ.’

ವಿಚಾರಿಸಲು ಹೋದರೆ, ಅವಳು ಯಾವಾಗಲೂ ಕೊಳ್ಳುತ್ತಿದ್ದ ಆಟದ ಅಂಗಡಿಯವನು ಕೈ ಚೆಲ್ಲಿದ. “ನಾನೇನ್ ಮಾಡ್ಲಿ ಯಜಮಾನ್ರೇ? ಬಂದ ದಿನ ಮೊದಲ್ನೇ ಪ್ರತಿ ನಿಮ್ದೇ. ನಾನೇ ಮನೆಗೆ ತಂದುಕೊಡ್ತೀನಿ, ನೀವು ಅಮ್ಮನ್ನ ಬಿಟ್ಟು ಬರ್ಬೇಡಿ.”

ಕೀಲಿಯವನು ಆಟ ತಯಾರಿಸುವ ಕಂಪನಿಗೆ ಒಂದು ಇ-ಮೇಲ್ ಬರೆದ. ನನ್ನ ಹೆಂಡತಿಗೆ ಸಮಯ ಕಮ್ಮಿ, ಬೆಟ್ಟ ಅರ್ಧ ಆಗಿದ್ದರೂ ಪರವಾಗಿಲ್ಲ, ಅಷ್ಟನ್ನೇ ಕಳಿಸಿ ಎಂದು. ಕಳಿಸಿದ ಕ್ಷಣದಲ್ಲೇ ಉತ್ತರ ಬಂದಾಗ ಹಿಗ್ಗಿಹೋದ. ಓದಿ ನೋಡಿದರೆ, ‘ನಿಮ್ಮ ಸಂದೇಶ ನಮಗೆ ಅಮೂಲ್ಯ. ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.’

ನಾಲ್ಕು ತಿಂಗಳು ಕಳೆದ ಮೇಲೆ ಮತ್ತೆ ಮೂರು ತಿಂಗಳು ಮುಂದೆ ಹೋಯಿತು. ಅವಳೇ ಓದಿ ಹೇಳಿದಳು, ನೆರೆಮನೆಯ ಸುದ್ದಿ ಹೇಳುವ ಹಾಗೆ. ಅವನು ಸಿಟ್ಟಿನಿಂದ ಕೋಣೆಯ ಉದ್ದಗಲಕ್ಕೂ ನಡೆದ. ಬೀಗವಾಗಿದ್ದರೆ ಬಿಚ್ಚಿ ಒಳಗೆ ಏನು ಸಿಕ್ಕಿಕೊಂಡಿದೆ ಎಂದು ನೋಡಬಹುದಿತ್ತು. ಇದಕ್ಕೆ ಎಲ್ಲಿ ಕೈ ಹಾಕುವುದು?

ಆ ವಾರವೇ ಡಾಕ್ಟರು ಅವಳನ್ನು ಫಿಸಿಯೋಥೆರಪಿಯವಳ ಹತ್ತಿರ ಕಳಿಸಿದರು. ಆಕೆ ಚಿಕ್ಕ ವಯಸ್ಸಿನವಳು. ಮುಟ್ಟುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಬೆರಳುಗಳನ್ನು ಒಂದೊಂದಾಗಿ ಮಡಚಲು ನೋಡಿದಳು. ಬಲಗೈ ಹೆಬ್ಬೆರಳು ಅರ್ಧದಲ್ಲೇ ನಿಂತಿತು.

“ಅಮ್ಮಾ, ಮನೇಲಿ ಕೈಗೆ ಏನ್ ಕೆಲಸ ಕೊಡ್ತೀರಾ?”

ಕೀಲಿಯವನೇ ಹೆಮ್ಮೆಯಿಂದ ಉತ್ತರಿಸಿದ. “ಏನೂ ಇಲ್ಲ. ಒಂದು ವರ್ಷದಿಂದ ಒಂದು ಲೋಟಾನೂ ಎತ್ತೋಕೆ ಬಿಟ್ಟಿಲ್ಲ.”

ಆಕೆ ಅವನನ್ನು ನೋಡಿದಳು. ಬೈಯಲಿಲ್ಲ. ಮೆಲ್ಲಗೆ ಹೇಳಿದಳು: “ಊತ ಜಾಸ್ತಿ ಇದ್ದಾಗ ವಿಶ್ರಾಂತಿ ಕೊಡ್ಬೇಕು ಸರ್. ಉಳಿದ ದಿನ ಹಗುರವಾಗಿ ಆಡಿಸ್ತಾನೇ ಇರ್ಬೇಕು. ಆಡಿಸದಿದ್ರೆ ಕೀಲುಗಳು ಬಿಗಿದುಹೋಗ್ತವೆ.”

“ಅಂದ್ರೆ... ಆಟ ಆಡ್ತಿದ್ದಿದ್ರೆ?”

“ಅದು ಒಳ್ಳೇ ವ್ಯಾಯಾಮಾನೇ ಆಗಿರೋದು.” ಅವನ ಮುಖ ಕಂಡು ಅವಸರದಲ್ಲಿ ಸೇರಿಸಿದಳು, “ಕಾಯಿಲೆನೂ ಮುಂದುವರಿದಿದೆ ಸರ್. ಎಲ್ಲಾ ನಿಮ್ಮಿಂದ ಅಂತಲ್ಲ.”

ಬಸ್ಸಿಳಿದು ಮನೆ ಮುಟ್ಟಿದಾಗ ಅವನು ಬಾಗಿಲು ತೆಗೆದು ಒಳಗೆ ಬಂದು, ಬೂಟು ಬಿಚ್ಚದೆಯೇ ಕುರ್ಚಿಯ ಮೇಲೆ ಕುಸಿದ.

“ನಾನೇ ಹಾಳು ಮಾಡ್ದೆ.”

“ಸುಮ್ನಿರಿ.”

“ನೀನಾದ್ರೂ ಒಂದ್ ಮಾತು ಹೇಳ್ಬಾರದಿತ್ತಾ?”

“ನನಗೇನ್ ಗೊತ್ತಿತ್ತು, ಡಾಕ್ಟರಾ ನಾನು?” ಅವಳು ಅವನೆದುರು ಕೂತಳು. “ಮಧ್ಯೆ ಮಧ್ಯೆ ಅನುಮಾನ ಬರ್ತಿತ್ತು. ಬೆರಳು ಗಟ್ಟಿಯಾಗ್ತಿದ್ವು. ಆದ್ರೆ ನೀವು ದಿನಾ ಬೆಳಿಗ್ಗೆ ಎದ್ದು ಬಾಚಣಿಗೆ ಹಿಡ್ಕೊಂಡು ಬರೋರು. ನಿಮ್ ಕೈಗೂ ಏನಾದ್ರೂ ಕೆಲಸ ಬೇಕಿತ್ತಲ್ಲ. ಅದನ್ನ ಹೇಗೆ ಕಿತ್ಕೊಳ್ಲಿ?”

ಅವನು ಎದ್ದು ಬೀರುವಿನ ಮೇಲಿಂದ ಬಟ್ಟೆಯ ಗಂಟು ಇಳಿಸಿ ಅವಳ ಮಡಿಲಲ್ಲಿಟ್ಟ. ಅಂದಿನಿಂದ ದಿನಾ ಬಿಸಿನೀರಿನಲ್ಲಿ ಕೈ ಅದ್ದಿ, ಫಿಸಿಯೋಥೆರಪಿಯವಳು ಹೇಳಿದಂತೆ ಎಣಿಸಿ ಬೆರಳು ಮಡಚಿಸಿದ. ಮೊದಲನೆಯ ಬೆಟ್ಟ ಹಾಕಿದರು. ಎಡಗೈ ತಕ್ಕಮಟ್ಟಿಗೆ ಮಾತು ಕೇಳಿತು, ಮರಿ ನಡೆಯಿತು. ಜಿಗಿಯುವ ಗುಂಡಿ ಬಲಗಡೆ. ಹೆಬ್ಬೆರಳು ಅದರ ಮೇಲೆ ಕೂರುತ್ತಿತ್ತು, ಒತ್ತುತ್ತಿರಲಿಲ್ಲ. ಅವಳು ತೋರುಬೆರಳಲ್ಲಿ ಒತ್ತಿ ನೋಡಿದಳು, ಮಣಿಕಟ್ಟಿನಲ್ಲಿ ಒತ್ತಿ ನೋಡಿದಳು. ಮೂರು ತಿಂಗಳು ಕಳೆದರೂ ಮರಿ ಎರಡನೆಯ ಬಂಡೆಯಿಂದ ಆಚೆ ಹೋಗಲಿಲ್ಲ.

ಈಗ ಅವನಿಗೆ ಮೂರನೆಯ ಸಲ ಮುಂದೂಡಲಿ ಎಂಬ ಆಸೆ ಹುಟ್ಟಿತು. ಕಂಪನಿಯವರು ಈ ಸಲ ಮಾತು ಉಳಿಸಿಕೊಂಡರು.

ಆಟದ ಅಂಗಡಿಯವನು ಹೇಳಿದ್ದಂತೆ ಬೆಳಿಗ್ಗೆಯೇ ತಂದುಕೊಟ್ಟ. ಅವಳು ಬಿಚ್ಚಲು ಕಷ್ಟಪಡಬಾರದೆಂದು ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತಾನೇ ಸುಲಿದಿದ್ದ. “ಆಡಿ ಹೇಳಿ ಅಮ್ಮಾ, ಹೇಗಿದೆ ಅಂತ,” ಎಂದು ನಿಲ್ಲದೆ ಹೊರಟುಹೋದ.

ಆರನೆಯ ಬೆಟ್ಟ ನಿಜಕ್ಕೂ ಚೆಂದವಿತ್ತು. ಮಂಜು ಸರಿಯುವಾಗ ಮರಿಯ ಮೈಮೇಲಿನ ಒಂದೊಂದು ಕೂದಲೂ ಕಾಣುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಮರಿಯನ್ನು ಮೊದಲ ಕಮರಿಯ ಅಂಚಿಗೆ ತಂದಳು. ಒತ್ತಿದಳು. ಬಿತ್ತು. ಹದಿನೈದು, ಇಪ್ಪತ್ತು ಸಲ.

“ತಾ, ಜಿಗಿಯೋ ಗುಂಡಿ ನಾನು ಒತ್ತೀನಿ. ನೀನು ನಡೆಸು.”

ಭುಜಕ್ಕೆ ಭುಜ ತಾಗಿಸಿ ಇಬ್ಬರೂ ಒಂದೇ ಹಿಡಿಕೆ ಹಿಡಿದರು.

“ಈಗ!” ಎಂದಳು ಅವಳು. ಅವನು ಕೇಳಿಸಿಕೊಂಡು ಒತ್ತುವಷ್ಟರಲ್ಲಿ ಮರಿ ಅಂಚು ದಾಟಿ ಬಿದ್ದಿತ್ತು.

“ನಾನ್ ಹೇಳೋಕಿಂತ ಮುಂಚೆ ಒತ್ತಬೇಕ್ರೀ.”

“ನೀನ್ ಯಾವಾಗ ಹೇಳ್ತೀಯ ಅಂತ ನನಗೆ ಹೇಗ್ ಗೊತ್ತಾಗ್ಬೇಕು?”

“ಮೂವತ್ತೆಂಟು ವರ್ಷ ಆಯ್ತು, ಇನ್ನೂ ಗೊತ್ತಾಗ್ಲಿಲ್ವಾ?”

ಇಬ್ಬರೂ ನಕ್ಕರು. ಮತ್ತೆ ಆಡಿದರು, ಮತ್ತೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಮೆಲ್ಲನೆ ತನ್ನ ಎಡಗೈಯನ್ನೂ ಹಿಂದಕ್ಕೆ ತೆಗೆದುಕೊಂಡಳು.

“ನೀವೇ ಆಡಿ. ನಾನು ನೋಡ್ತೀನಿ.”

“ನನಗೆ ಬರಲ್ಲ ಕಣೇ.”

“ಬರದಿದ್ರೆ ಬೇಡ. ಬೆಟ್ಟ ನೋಡ್ತಾ ಇರ್ತೀನಿ.”

ಅವನು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದ. ಮರಿ ಗೋಡೆಗೆ ಡಿಕ್ಕಿ ಹೊಡೆಯಿತು, ಹಿಂದಕ್ಕೆ ನಡೆಯಿತು, ನಿಂತಲ್ಲೇ ಕುಪ್ಪಳಿಸಿತು. ಅವಳು ಮೊದಲು ನಗುತ್ತಿದ್ದಳು. “ಎಡಕ್ಕೆ, ಎಡಕ್ಕೆ” ಎನ್ನುತ್ತಿದ್ದಳು. ಬರುಬರುತ್ತ ಮಾತು ನಿಂತಿತು. ಪಕ್ಕದಿಂದ ಅವಳ ಉಸಿರಷ್ಟೇ ಕೇಳುತ್ತಿತ್ತು, ಅದೂ ಒಮ್ಮೆ ಅಳು ನುಂಗಿದ ಹಾಗೆ ತಡೆದು ತಡೆದು ಬಂತು.

ಅವನು ಅತ್ತ ತಿರುಗಲಿಲ್ಲ. ಆಟ ನಿಲ್ಲಿಸಿದರೆ ತಿರುಗಿ ಅವಳ ಮುಖ ನೋಡಬೇಕಾಗುತ್ತದೆ. ಕಮರಿಯ ಅಂಚಿಗೆ ಮರಿಯನ್ನು ತಂದ, ಗುಂಡಿ ಒತ್ತಿದ, ಬಿತ್ತು. ಬುಡದಿಂದ ಮತ್ತೆ ನಡೆಸಿಕೊಂಡು ಬಂದ.