ಬ್ಲೋವರ್ ಎಲ್ಲಿತ್ತು?

ಕ್ರೇನ್ ಓಡಿಸುವವನು ಹಿಂದಿನಿಂದ ಬಂದು ಸೊಂಟ ಹಿಡಿದಾಗ ಅವಳ ಒಂದು ಕಾಲು ಆಗಲೇ ಟ್ಯಾಂಕಿನ ಬಾಯೊಳಗಿತ್ತು. ಕೆಳಗೆ, ಉಕ್ಕಿನ ತಳದಲ್ಲಿ, ಅವಳ ಗಂಡ ಬೋರಲು ಬಿದ್ದಿದ್ದ.

"ಬಿಡು ಅಣ್ಣಾ, ಬಿದ್ದಿರೋದು ನನ್ನ ಗಂಡ."

"ಇಳಿದ್ರೆ ನೀನೂ ಅವನ ಪಕ್ಕದಲ್ಲೇ ಬೀಳ್ತೀಯ. ಒಳಗೆ ಬರೀ ಆರ್ಗಾನ್ ತುಂಬಿದೆ."

ಅವಳು ಅವನ ಮುಂಗೈ ಕಚ್ಚಿದಳು. ರಕ್ತ ಬಂತು, ಹಿಡಿತ ಸಡಿಲಲಿಲ್ಲ. ಅವಳನ್ನು ಹಿಡಿದುಕೊಂಡೇ ಅವನು ಟ್ಯಾಂಕಿನ ಹೊರಗೆ ನೆಲದ ಮೇಲಿದ್ದವರಿಗೆ ಕೂಗಿ ಹೇಳಿದ: "ಬುಡದ ಮುಚ್ಚಳ ಬಿಚ್ಚಿ. ಭಾರದ ಗ್ಯಾಸು, ಹರಿದು ಹೊರಗೆ ಹೋಗ್ಲಿ. ಅಲ್ಲಿ ಯಾರೂ ಮುಖ ಇಡಬೇಡಿ. ಒಳಗೆ ಗಾಳಿ ಊದೋಕೆ ಕಂಪ್ರೆಸರ್ ಪೈಪು ಮೇಲಕ್ಕೆ ಕೊಡಿ."

ಆ ಗ್ಯಾಸಿನ ಗುಣ ಅವಳಿಗೆ ತಿಳಿಯದ್ದೇನಲ್ಲ. ಗಂಡ ಬೆಸೆದ ಗೆರೆಗಳನ್ನು ಉಜ್ಜಿ ಹೊಳಪು ಕೊಡುವುದೇ ಅವಳ ಕೆಲಸ. ಕಾದ ಉಕ್ಕಿಗೆ ಗಾಳಿ ಸೋಕದಂತೆ ಆರ್ಗಾನ್ ಸುತ್ತುವರಿದು ನಿಂತರೆ ಗೆರೆ ಕಪ್ಪಾಗದೆ ಬೆಳ್ಳಿಯಂತೆ ಬರುತ್ತದೆ. ಅದು ಉರಿಯುವುದಿಲ್ಲ, ನಾರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಬೆಸೆದು ಮುಗಿದ ಮೇಲೂ ತಗ್ಗಿನಲ್ಲಿ ನೀರಿನಂತೆ ನಿಂತು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಉಸಿರು ಕಟ್ಟಿದಂತೆಯೂ ಅನಿಸದು. ಕಾಲು ಸೋತದ್ದಷ್ಟೇ ಗೊತ್ತು. ಅದಕ್ಕೇ ಟ್ಯಾಂಕಿಗೆ ಇಳಿಯುವ ಮುಂಚೆ ಬ್ಲೋವರ್ ಹಾಕಿ ಒಳಗೆ ಹೊಸ ಗಾಳಿ ತುಂಬಲೇಬೇಕು. ಆದರೆ ಬಣ್ಣ ಬೇಗ ಒಣಗಲೆಂದು ಮಾಲೀಕ ಅಂದು ಬೆಳಿಗ್ಗೆ ಇದ್ದೊಂದು ಬ್ಲೋವರನ್ನೂ ಪಕ್ಕದ ಶೆಡ್ಡಿಗೆ ಸಾಗಿಸಿದ್ದ. ಗಂಡನೋ, ಕೈಜಾರಿ ಒಳಗೆ ಬಿದ್ದ ಬೆಸುಗೆಯ ಟಾರ್ಚ್ ಎತ್ತಿಕೊಳ್ಳಲು "ಒಂದು ನಿಮಿಷ ಅಷ್ಟೇ" ಎಂದು ಇಳಿದಿದ್ದ.

ಮುಚ್ಚಳ ಕಳಚಿತು. ಉದ್ದನೆಯ ಕೊಕ್ಕೆಯನ್ನು ಗಂಡನ ಬೆಲ್ಟಿಗೆ ಸಿಕ್ಕಿಸಿ ಹೊರಗೆಳೆದರು. ಮುಖ ನೀಲಿಗಟ್ಟಿತ್ತು. ಜೊತೆಗಿದ್ದ ಫಿಟ್ಟರೊಬ್ಬ ಎದೆ ಒತ್ತುತ್ತಲೇ ಇದ್ದ; ಕೊನೆಗೊಮ್ಮೆ ಗೊರಕೆಯಂಥ ಉಸಿರು ಬಂತು.

ಮರುದಿನ ಆಸ್ಪತ್ರೆಯಲ್ಲಿ ಮಾಲೀಕ ಅವಳ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. "ಗಾಬರಿ ಆಗಬೇಡಮ್ಮ. ಅದೇನು ವಿಷ ಅಲ್ಲ."

"ಬ್ಲೋವರ್ ಎಲ್ಲಿತ್ತು ಸಾರ್?"

"ಅವನೂ ಸ್ವಲ್ಪ ನೋಡ್ಕೊಂಡು ಇಳೀಬೇಕಿತ್ತು."

"ಅವರ ತಪ್ಪು ಅವರಿಗೆ ಎಚ್ಚರ ಆದ್ಮೇಲೆ ನಾನೇ ಹೇಳ್ತೀನಿ, ಅದಕ್ಕೆ ನೀವು ಬೇಡ. ನಾನು ಕೇಳಿದ್ದು ಬ್ಲೋವರ್ ಎಲ್ಲಿತ್ತು ಅಂತ."

ಅವನು ಮಂಚಕ್ಕೆ ಸಿಕ್ಕಿಸಿದ್ದ ಚೀಟಿ ಎತ್ತಿಕೊಂಡು ಓದತೊಡಗಿದ. ಅವಳು ಮತ್ತೆ ಕೇಳಿದಳು. ಅವನು ಎದ್ದು ಹೊರಟ. ಮೆಟ್ಟಿಲ ತನಕ ಹಿಂದೆಯೇ ಹೋಗಿ ಅದನ್ನೇ ಕೇಳಿದಳು.

"ಪೇಂಟ್ ಶೆಡ್ಡಲ್ಲಿ" ಎಂದ ಅವನು, ತಿರುಗಿ ನೋಡದೆ.

ಅವಳು ಆ ಮಾತನ್ನು ಕೆಲಸದವರೆಲ್ಲರಿಗೂ ಮುಟ್ಟಿಸಿದಳು. ಟ್ಯಾಂಕಿಗೊಂದು ಬ್ಲೋವರ್, ಒಳಗಿನ ಗಾಳಿ ಅಳೆಯುವ ಮೀಟರ್, ಬಾಯಲ್ಲಿ ಕಾವಲಿಗೊಬ್ಬ: ಇಷ್ಟೂ ಬರುವ ತನಕ ಒಬ್ಬರೂ ಟಾರ್ಚ್ ಮುಟ್ಟಲಿಲ್ಲ. ವಾರದೊಳಗೆ ಎಲ್ಲವೂ ಬಂತು. ಇಷ್ಟು ಸುಲಭವಾಗಿತ್ತೇ ಎಂದುಕೊಂಡಾಗ ಅವಳ ಸಿಟ್ಟು ಇನ್ನಷ್ಟು ಏರಿತು.

ಗಂಡ ಮನೆಗೆ ಬಂದ. ಕೈ ನಡುಗುತ್ತಿತ್ತು, ಇನ್ನು ಬೆಸುಗೆ ಆಗದು ಎಂದರು ಡಾಕ್ಟರು. ಆ ದಿನದ ಒಂದು ಚೂರೂ ಅವನ ನೆನಪಿನಲ್ಲಿ ಇರಲಿಲ್ಲ.

"ಏನಾಯ್ತೇ ಅವತ್ತು?" ಎಂದು ಕೇಳಿದ.

ಅವಳು ಅವನ ಶರ್ಟಿನ ಗುಂಡಿ ಹಾಕುತ್ತಿದ್ದಳು. ಗುಂಡಿ ಕಿತ್ತು ಬರುವಷ್ಟು ಜೋರಾಗಿ ಎಳೆದು, ಮೊದಲಿನಿಂದ ಹೇಳತೊಡಗಿದಳು, ಒಂದನ್ನೂ ಮೆತ್ತಗೆ ಮಾಡದೆ.